ಹೊರದೇಶದಿಂದ ದತ್ತು ಬರುವ ಮಗು: ಮೊದಲ ಭೇಟಿ, ಮೊದಲ ತಿಂಗಳುಗಳು

ಕಾಗದಪತ್ರ, ಸಂದರ್ಶನ, ನ್ಯಾಯಾಲಯ ಅಂತ ವರ್ಷಗಟ್ಟಲೆ ಅಲೆದವರು ಕೂಡ ಮಗು ಕೈಗೆ ಬರುವ ಆ ಒಂದು ಗಂಟೆಗೆ ತಯಾರಾಗಿರುವುದು ಕಡಿಮೆ. ಪೋಷಕರಿಗೆ ಅದು ಕಾದು ಕಾದು ಬಂದ ದಿನ. ಮಗುವಿಗೆ ಪರಿಚಯದ ಮುಖ, ಮಾತು, ವಾಸನೆ, ಹಾಸಿಗೆ, ಪಕ್ಕದ ಮಂಚದ ಗೆಳೆಯ ಎಲ್ಲವೂ ಒಂದೇ ಏಟಿಗೆ ಕೈತಪ್ಪುವ ದಿನ. ಅವತ್ತು ಮಗು ಅತ್ತರೆ, ಒದ್ದರೆ, ಗರಬಡಿದಂತೆ ಕೂತರೆ ಅದಕ್ಕೆ ನಿಮ್ಮ ಮೇಲೆ ಸಿಟ್ಟಿದೆ ಅಂತ ತಿಳಿಯಬೇಡಿ. ಅದು ದುಃಖ. ಒಂದು ಲೆಕ್ಕದಲ್ಲಿ ಒಳ್ಳೆಯ ಸೂಚನೆಯೂ ಹೌದು: ಯಾರನ್ನೋ ನೆನೆದು ಅಳುವ ಮಗುವಿಗೆ ಯಾರನ್ನೋ ಹಚ್ಚಿಕೊಳ್ಳುವುದು ಈಗಾಗಲೇ ಗೊತ್ತಿದೆ.

ಮಗು ಹಚ್ಚಿಕೊಳ್ಳುವುದು ಹೇಗೆ ಅನ್ನುವುದರಲ್ಲಿ ಗುಟ್ಟೇನಿಲ್ಲ. ಹಸಿವಾಗುತ್ತದೆ, ಬಟ್ಟೆ ಒದ್ದೆಯಾಗುತ್ತದೆ, ಭಯವಾಗುತ್ತದೆ, ಮಗು ಅಳುತ್ತದೆ, ಯಾರೋ ಬಂದು ಸರಿಮಾಡುತ್ತಾರೆ. ಪ್ರತಿ ಸಲ ಬರುವವರು ಅವರೇ ಆಗಿ, ಇದು ಸಾವಿರಾರು ಸಲ ನಡೆದರೆ ಮಗು ಆ ಮುಖವನ್ನು ನಂಬಲು ಶುರುಮಾಡುತ್ತದೆ. ಶಿಶುಗೃಹಗಳಲ್ಲಿ ಮೂರು ಪಾಳಿಯಲ್ಲಿ ಆಯಾಗಳು ಬದಲಾಗುತ್ತಾರೆ, ಒಬ್ಬರ ಕೈಯಲ್ಲಿ ಹತ್ತಾರು ಮಕ್ಕಳು, ಹಾಲು ಗಡಿಯಾರ ನೋಡಿ ಕೊಡುವುದು. ಅತ್ತರೂ ಯಾರೂ ಬರುವುದಿಲ್ಲ ಅಂತ ಗೊತ್ತಾದ ಮಗು ಅಳುವುದನ್ನೇ ನಿಲ್ಲಿಸುತ್ತದೆ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲೇ ಇದರ ಅಪಾಯವನ್ನು ಎತ್ತಿ ಹೇಳಿದ್ದರು. ರುಮೇನಿಯಾದ ಬುಖಾರೆಸ್ಟ್ ನಗರದಲ್ಲಿ 2000ದ ಆಸುಪಾಸಿನಲ್ಲಿ ಶುರುವಾದ ದೀರ್ಘ ಅಧ್ಯಯನದಲ್ಲಿ ಎರಡು ವರ್ಷ ತುಂಬುವ ಮೊದಲೇ ಕುಟುಂಬದ ಆರೈಕೆಗೆ ಹೋದ ಮಕ್ಕಳು ನಂಟು ಬೆಳೆಸಿಕೊಳ್ಳುವುದರಲ್ಲಿ ಹೆಚ್ಚು ಚೇತರಿಸಿಕೊಂಡದ್ದು ಕಂಡಿತು. ದೊಡ್ಡ ಮಗುವಿಗೆ ಕಾಲ ಮಿಂಚಿಹೋಯಿತು ಅಂತ ಇದರರ್ಥವಲ್ಲ. ಅದೇ ಕೆಲಸಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ, ಅಷ್ಟೇ.

ಮುಂದೆ ಹೇಳುವ ಎಲ್ಲದರ ಹಿಂದೆಯೂ ಇರುವುದು ಈ ಒಂದೇ ವಿಚಾರ: ಮಗುವಿಗೆ ಬೇಕಾದದ್ದು, ಪ್ರತಿ ಸಲ, ನಿಮ್ಮ ಕೈಯಿಂದಲೇ ಸಿಗಬೇಕು.

ಹೊರಡುವ ಮೊದಲು

ಭೇಟಿಗೆ ಒಂದೆರಡು ತಿಂಗಳು ಮೊದಲೇ ಒಂದು ಪುಟ್ಟ ಫೋಟೊ ಪುಸ್ತಕ ಮಾಡಿ ಕಳಿಸಿ. ಹತ್ತು ಹನ್ನೆರಡು ಪುಟ ಸಾಕು. ಪುಟಕ್ಕೆ ಒಂದೇ ಚಿತ್ರ, ಲ್ಯಾಮಿನೇಟ್ ಆಗಿರಲಿ. ನಿಮ್ಮ ಮುಖ ಹತ್ತಿರದಿಂದ, ಮನೆಯ ಬಾಗಿಲು, ಮಗು ಮಲಗುವ ಜಾಗ, ಸಾಕುಪ್ರಾಣಿ ಇದ್ದರೆ ಅದು. ಮದುವೆಯ ಫೋಟೊ, ಭಾರಿ ಮೇಕಪ್ ಬೇಡ. ಭೇಟಿಯ ದಿನ ನೀವು ಹೇಗೆ ಕಾಣುತ್ತೀರೋ ಹಾಗೇ ಇರಲಿ. ಕನ್ನಡಕ ಹಾಕುವವರು ಕನ್ನಡಕದಲ್ಲೇ, ಗಡ್ಡ ಬಿಟ್ಟವರು ಗಡ್ಡದಲ್ಲೇ. ಕೆಲವು ಶಿಶುಗೃಹಗಳಲ್ಲಿ ಮಕ್ಕಳು ಗಂಡಸರನ್ನೇ ಅಷ್ಟಾಗಿ ನೋಡಿರುವುದಿಲ್ಲ, ಗಡ್ಡ ನೋಡಿ ಚೀರಿದರೆ ಆಶ್ಚರ್ಯವಿಲ್ಲ. ಪುಸ್ತಕದ ಜೊತೆ ಒಂದು ಸಣ್ಣ ಹೊದಿಕೆ ಇಡಿ. ಅದನ್ನು ಕಳಿಸುವ ಮೊದಲು ಒಂದು ವಾರ ನೀವೇ ಹೊದ್ದು ಮಲಗಿ. ನಿಮ್ಮ ಮೈವಾಸನೆ ನಿಮಗಿಂತ ಮೊದಲು ಮಗುವನ್ನು ತಲುಪಲಿ.

ಮಗುವಿನ ಭಾಷೆಯಲ್ಲಿ ಮೂವತ್ತು ನಲವತ್ತು ಮಾತು ಕಲಿಯಿರಿ. ವ್ಯಾಕರಣ ಬೇಕಿಲ್ಲ, ಉಚ್ಚಾರಣೆ ಬೇಕು. ಆ ಭಾಷೆ ಮನೆಮಾತಾಗಿರುವವರಿಂದ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ದಿನಾ ಕೇಳಿ. ಹಸಿವಾಯ್ತಾ, ನೀರು, ಉಚ್ಚೆ, ಕಕ್ಕ, ಎಲ್ಲಿ ನೋವು, ನಿದ್ದೆ, ಬಿಸಿ, ಬೇಡ, ನಿಲ್ಲು, ಮುಗಿಯಿತು, ಇನ್ನೊಂದು ಬೇಕಾ, ನಾನು ಇಲ್ಲೇ ಇದ್ದೇನೆ, ಈಗ ಬರ್ತೀನಿ, ನಿನ್ನ ತಪ್ಪಲ್ಲ. ಇವುಗಳಲ್ಲಿ 'ನಾನು ಇಲ್ಲೇ ಇದ್ದೇನೆ' ಅನ್ನುವುದನ್ನು ದಿನಕ್ಕೆ ನೂರು ಸಲ ಹೇಳಬೇಕಾಗುತ್ತದೆ, ಅದನ್ನಂತೂ ನಿದ್ದೆಗಣ್ಣಲ್ಲೂ ಹೇಳುವಷ್ಟು ರೂಢಿ ಮಾಡಿಕೊಳ್ಳಿ.

ಮನೆಯಲ್ಲಿ ಮಗುವಿನ ಕೋಣೆಗೆ ಬಣ್ಣಬಣ್ಣದ ಆಟಿಕೆ ತುಂಬಿಸುವ ಆಸೆ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ನಾಲ್ಕೈದು ಆಟಿಕೆ ಹೊರಗಿರಲಿ, ಉಳಿದದ್ದು ಕಪಾಟಿನಲ್ಲಿರಲಿ. ಬೋಳು ಗೋಡೆಯ ಕೋಣೆಯಲ್ಲಿ ಬೆಳೆದ ಮಗುವಿಗೆ ಒಮ್ಮೆಲೇ ಇಪ್ಪತ್ತು ವಸ್ತು ಕಂಡರೆ ತಲೆ ಕೆಡುತ್ತದೆ. ಒಂದರಲ್ಲೂ ಆಡದೆ ಒಂದೊಂದಾಗಿ ಎಸೆಯುತ್ತಾ ಹೋಗುತ್ತದೆ. ರಜೆಯ ವಿಷಯ ಈಗಲೇ ಇತ್ಯರ್ಥ ಮಾಡಿ. ಇಬ್ಬರಲ್ಲಿ ಒಬ್ಬರಾದರೂ ಮೂರರಿಂದ ಆರು ತಿಂಗಳು ಮನೆಯಲ್ಲಿರಲು ಸಾಧ್ಯವಾದರೆ ಮುಂದಿನ ಕಷ್ಟಗಳಲ್ಲಿ ಎಷ್ಟೋ ಕಡಿಮೆಯಾಗುತ್ತವೆ.

ಆರೈಕೆ ಮಾಡಿದವರಿಂದ ಕೇಳಿ ತಿಳಿಯಬೇಕಾದದ್ದು

ಕೈಗೊಪ್ಪಿಸುವ ಹೊತ್ತಿನಲ್ಲಿ ಎಲ್ಲರಿಗೂ ಗಡಿಬಿಡಿ, ಮಧ್ಯೆ ದುಭಾಷಿ ಬೇರೆ. ಪ್ರಶ್ನೆಗಳನ್ನು ಮೊದಲೇ ಬರೆದು, ಅವರ ಭಾಷೆಗೆ ಅನುವಾದ ಮಾಡಿಸಿ ಒಯ್ಯಿರಿ. ಅಧಿಕಾರಿಗಿಂತ ದಿನಾ ಮಗುವನ್ನು ನೋಡಿಕೊಂಡ ಆಯಾಗೆ ಗೊತ್ತಿರುವುದು ಹೆಚ್ಚು. ಆಕೆಯ ಜೊತೆ ಹದಿನೈದು ನಿಮಿಷ ಕೊಡಿಸಿ ಅಂತ ಕೇಳಿ ಪಡೆಯಿರಿ.

- ಕಡತದಲ್ಲಿರುವ ಹೆಸರು ಬಿಡಿ, ದಿನಾ ಏನಂತ ಕರೆಯುತ್ತಿದ್ದಿರಿ?
- ಬೆಳಿಗ್ಗೆಯಿಂದ ರಾತ್ರಿವರೆಗೆ ಊಟ, ನಿದ್ದೆ, ಸ್ನಾನ ಯಾವ್ಯಾವ ಹೊತ್ತಿಗೆ?
- ಊಟ ಎಷ್ಟು ನುಣ್ಣಗೆ, ಎಷ್ಟು ಬಿಸಿ? ತಾನೇ ತಿನ್ನುತ್ತದೆಯೇ? ಏನು ತಿಂದರೆ ಒಗ್ಗುವುದಿಲ್ಲ?
- ಯಾವ ಹಾಲಿನ ಪುಡಿ, ಎಷ್ಟು ನೀರಿಗೆ ಎಷ್ಟು ಚಮಚ, ಜೊತೆಗೆ ಸಕ್ಕರೆಯನ್ನೋ ಹಿಟ್ಟನ್ನೋ ಹಾಕುತ್ತೀರಾ?
- ಮಲಗುವುದು ಬೆನ್ನ ಮೇಲೋ ಹೊಟ್ಟೆ ಮೇಲೋ, ದೀಪ ಇತ್ತೇ, ಪಕ್ಕದಲ್ಲಿ ಯಾರಿದ್ದರು?
- ಅತ್ತಾಗ ಏನು ಮಾಡಿದರೆ ಸುಮ್ಮನಾಗುತ್ತದೆ? ಏನು ಕಂಡರೆ ಹೆದರುತ್ತದೆ?
- ಯಾರ ಜೊತೆ ಹೆಚ್ಚು ಸಲಿಗೆ?
- ಕೊನೆಯ ಸಲ ಜ್ವರ, ಭೇದಿ, ಔಷಧಿ ಯಾವಾಗ?

ಹಾಲಿನ ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿ. ಎಷ್ಟೋ ಕಡೆ ಹಾಲು ಬೇಗ ಮುಗಿಯಲಿ ಅಂತ ನಿಪ್ಪಲ್ಲಿನ ತೂತನ್ನು ಕತ್ತರಿಸಿ ದೊಡ್ಡದು ಮಾಡಿರುತ್ತಾರೆ. ನೀವು ತಂದ ಹೊಸ ಬಾಟಲಿಯಲ್ಲಿ ಹಾಲು ತೊಟ್ಟುತೊಟ್ಟಾಗಿ ಬರುತ್ತದೆ, ಎರಡು ಸಲ ಚೀಪಿದ ಮಗು ಸಿಟ್ಟಿನಿಂದ ಬಾಟಲಿ ತಳ್ಳುತ್ತದೆ, ನೀವು ಹಾಲೇ ಹಿಡಿಸಲಿಲ್ಲ ಅಂತ ಕಂಗಾಲಾಗುತ್ತೀರಿ. ಅಲ್ಲಿಯದೇ ಒಂದೆರಡು ಬಾಟಲಿ, ನಿಪ್ಪಲ್ಲು, ಎರಡು ವಾರಕ್ಕಾಗುವಷ್ಟು ಅದೇ ಹಾಲಿನ ಪುಡಿ ತನ್ನಿ. ವೇಗದ ನಿಪ್ಪಲ್ಲಿನಿಂದ ನಿಧಾನದ್ದಕ್ಕೆ ಒಂದೊಂದೇ ಮೆಟ್ಟಿಲು ಇಳಿಸಿ. ಪುಡಿ ಬದಲಿಸುವುದಾದರೆ, ಎರಡನ್ನೂ ಅವುಗಳ ಡಬ್ಬಿಯ ಅಳತೆಯಂತೆ ಬೇರೆಬೇರೆ ಕದಡಿಕೊಂಡು ಮೂರು ದಿನ ಮುಕ್ಕಾಲು ಪಾಲು ಹಳೆಯದು ಕಾಲು ಪಾಲು ಹೊಸದು, ಆಮೇಲೆ ಮೂರು ದಿನ ಅರ್ಧರ್ಧ, ಮತ್ತೆ ಮೂರು ದಿನ ಕಾಲು ಮುಕ್ಕಾಲು.

ಹೊರಡುವ ಮೊದಲು ಆಯಾ ಜೊತೆ ಮಗುವಿನ ಫೋಟೊ, ಮಲಗುತ್ತಿದ್ದ ಮಂಚ, ಊಟದ ಮೇಜು, ಗೇಟು ಎಲ್ಲವನ್ನೂ ಅನುಮತಿ ಕೇಳಿ ಚಿತ್ರ ತೆಗೆದುಕೊಳ್ಳಿ. ಆಕೆ ಒಪ್ಪಿದರೆ ಆಕೆಯ ಭಾಷೆಯಲ್ಲೇ 'ಇವರು ಇನ್ನು ಮೇಲೆ ನಿನ್ನ ಅಪ್ಪ ಅಮ್ಮ, ಹೋಗಿ ಬಾ ಮಗು' ಅಂತ ಹೇಳಿಸಿ ವಿಡಿಯೊ ಮಾಡಿ. ಮೂರು ವರ್ಷ ದಾಟಿದ ಮಗುವಿಗೆ ಈ ಬೀಳ್ಕೊಡುಗೆ ತುಂಬಾ ಮುಖ್ಯ. ನಿದ್ದೆಯಲ್ಲಿ ಎತ್ತಿಕೊಂಡು ಹೋಗುವುದು, ಹೊರಗೆ ಸುತ್ತಿ ಬರೋಣ ಅಂತ ಸುಳ್ಳು ಹೇಳಿ ಕರೆದೊಯ್ಯುವುದು ಆ ಹೊತ್ತಿಗೆ ಸಲೀಸು ಅನ್ನಿಸುತ್ತದೆ. ಆಮೇಲೆ ತಿಂಗಳುಗಟ್ಟಲೆ ಮಗು ನಿದ್ದೆಗೆ ಹೆದರುತ್ತದೆ, ಮನೆಯಿಂದ ಹೊರಗೆ ಕಾಲಿಡಲೂ ಹೆದರುತ್ತದೆ.

ಭೇಟಿಯ ಹೊತ್ತು

ಆ ದಿನ ಸೆಂಟು, ಘಾಟಿನ ಕ್ರೀಮು ಬೇಡ. ಕೈ ಚಾಚಿಕೊಂಡು ಓಡಬೇಡಿ. ಒಳಗೆ ಬಂದವರು ನೆಲದ ಮೇಲೋ ತಗ್ಗಿನ ಕುರ್ಚಿಯ ಮೇಲೋ, ಮಗುವಿನ ಎತ್ತರಕ್ಕೆ, ಸ್ವಲ್ಪ ಓರೆಯಾಗಿ ಕೂರಿ. ಮೊದಲು ಆಯಾ ಜೊತೆ ನಗುನಗುತ್ತಾ ಮಾತಾಡಿ; ತನ್ನ ನಂಬಿಕೆಯವರು ನಿಮ್ಮ ಜೊತೆ ಹೇಗಿದ್ದಾರೆ ಅಂತ ಮಗು ಅಲ್ಲಿಂದಲೇ ಅಳೆಯುತ್ತದೆ. ಮಡಿಲಲ್ಲಿ ಒಂದು ಆಟಿಕೆ ಇಟ್ಟುಕೊಂಡು ನೀವೇ ಆಡುತ್ತಿರಿ. ಒಂದರ ಮೇಲೊಂದು ಇಡುವ ಬಟ್ಟಲು, ಗುಳ್ಳೆ ಊದುವ ಡಬ್ಬಿ, ಮೆತ್ತನೆಯ ಚೆಂಡು ಇವು ಭಾಷೆ ಬೇಡದ ಆಟಗಳು. ಮಗು ಬಟ್ಟಲಿಗೆ ಕೈ ಹಾಕಿದರೆ ಕೊಡಿ, ಮತ್ತೆ ಕೈ ಚಾಚಿ ಕೇಳಿ. ಈ ಕೊಟ್ಟು ತೆಗೆದುಕೊಳ್ಳುವ ಆಟ ಹತ್ತು ಸಲ ನಡೆದರೆ ಅವತ್ತಿಗೆ ಅದೇ ದೊಡ್ಡ ಗೆಲುವು.

ಆರೇಳು ತಿಂಗಳೊಳಗಿನ ಕೂಸು ಸಾಮಾನ್ಯವಾಗಿ ಯಾರ ತೋಳಿಗಾದರೂ ಬರುತ್ತದೆ. ಎಂಟು ತಿಂಗಳಿಂದ ಮೂರು ವರ್ಷದವರೆಗಿನವರು ಹೆಚ್ಚು ಗೋಳಾಡುತ್ತಾರೆ: ಹೊಸಬರ ಭಯ ಪೂರ್ತಿ ಇರುತ್ತದೆ, ವಿವರಿಸಿ ಹೇಳಿದರೆ ತಿಳಿಯುವ ವಯಸ್ಸಲ್ಲ. ಅದಕ್ಕಿಂತ ದೊಡ್ಡವರು ಒಮ್ಮೊಮ್ಮೆ ಹೇಳಿಕೊಟ್ಟಂತೆ ಓಡಿಬಂದು ಅಪ್ಪಾ ಅಮ್ಮಾ ಅನ್ನುತ್ತಾರೆ. ಅದನ್ನು ನೋಡಿ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಎರಡು ಮೂರು ವಾರದ ಮೇಲೆ ನಿಜವಾದ ಮಗು ಹೊರಬರುತ್ತದೆ.

ಮಗುವನ್ನು ಆಯಾ ಕೈಯಿಂದಲೇ ಇಸಿದುಕೊಳ್ಳಿ, ಮೇಜಿನ ಮೇಲಿಂದಲೋ ಅಧಿಕಾರಿಯ ಕೈಯಿಂದಲೋ ಬೇಡ. ಕ್ಯಾಮೆರಾ ಹಿಡಿಯಲು ಮೂರನೆಯವರೊಬ್ಬರು ಇರಲಿ, ಫ್ಲ್ಯಾಶ್ ಆರಿಸಿರಲಿ. ಕಾನೂನು ಅವಕಾಶ ಕೊಟ್ಟರೆ ಒಂದೇ ದಿನದಲ್ಲಿ ಮುಗಿಸದೆ ನಾಲ್ಕೈದು ದಿನ ಸತತವಾಗಿ ಭೇಟಿ ಕೊಟ್ಟು, ಮೊದಲ ದಿನ ಒಂದು ಗಂಟೆ, ಮರುದಿನ ಊಟದ ಹೊತ್ತು, ಆಮೇಲೆ ಸ್ನಾನ, ನಿದ್ದೆ ಹೀಗೆ ಒಂದೊಂದೇ ಕೆಲಸ ನಿಮ್ಮ ಕೈಗೆ ತೆಗೆದುಕೊಳ್ಳಿ.

ಮೊದಲ ರಾತ್ರಿಗಳು, ಪ್ರಯಾಣ

ಉಟ್ಟ ಬಟ್ಟೆ ಬದಲಿಸಲು ಅವಸರಪಡಬೇಡಿ, ಎಷ್ಟೇ ಕೊಳೆಯಾಗಿದ್ದರೂ. ಅದರಲ್ಲಿ ಮನೆಯ ವಾಸನೆ ಇದೆ. ಕೊನೆಗೂ ತೆಗೆದಾಗ ಒಗೆಯದೆ ಒಂದು ಜಿಪ್ ಚೀಲದಲ್ಲಿಟ್ಟು ಮುಚ್ಚಿ. ಎಷ್ಟೋ ಮಕ್ಕಳು ವಾರಗಳ ನಂತರವೂ ಅದನ್ನು ಮೂಸಿ ಸಮಾಧಾನವಾಗುತ್ತಾರೆ. ಸ್ನಾನವನ್ನು ಒಂದೆರಡು ದಿನ ಮುಂದೂಡಿದರೆ ಏನೂ ಕೆಡುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತಣ್ಣೀರಿನ ಪೈಪಿನಡಿ ಸಾಲಾಗಿ ನಿಲ್ಲಿಸಿ ತೊಳೆಸಿಕೊಂಡ ಮಗುವಿಗೆ ನೀರು ತುಂಬಿದ ಟಬ್ಬು ಭಯಂಕರವಾಗಿ ಕಾಣುತ್ತದೆ. ಖಾಲಿ ಟಬ್ಬಿನಲ್ಲಿ ಬಟ್ಟೆ ಸಮೇತ ಆಟ, ನಂತರ ಎರಡು ಬೆರಳಷ್ಟು ನೀರು, ನಂತರ ನೀವೂ ಒಳಗೆ ಕೂತು ಸ್ನಾನ. ನೀರಿನ ಹತ್ತಿರ ಚಿಕ್ಕ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು.

ವಿಮಾನ ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲೇ ಇಳಿಯಲು ಶುರುಮಾಡುತ್ತದೆ, ಕಿವಿ ನೋವು ಬರುವುದು ಆಗ. ಬಾಟಲಿ, ಸ್ಟ್ರಾ ಅಥವಾ ಚೀಪುವಂಥದ್ದನ್ನು ಆ ಹೊತ್ತಿಗೇ ಉಳಿಸಿಕೊಳ್ಳಿ. ಕೈಚೀಲದಲ್ಲಿ ಮಗುವಿಗೆ ಮೂರು ಜೊತೆ ಬಟ್ಟೆ, ನಿಮಗೂ ಒಂದು ಜೊತೆ, ಓಆರ್‌ಎಸ್ ಪೊಟ್ಟಣ, ಜ್ವರದ ಔಷಧಿ, ಎಲ್ಲ ದಾಖಲೆಗಳ ಮೂಲ ಮತ್ತು ಎರಡು ನಕಲು. ಕಾರು ಹತ್ತಿಯೇ ಗೊತ್ತಿಲ್ಲದ ಮಗುವಿಗೆ ಕಾರ್ ಸೀಟಿನ ಬೆಲ್ಟು ಕಟ್ಟಿಹಾಕಿದಂತೆ ಅನ್ನಿಸಿ ರಂಪ ಮಾಡುತ್ತದೆ. ಅಳು ನೋಡಲಾರದೆ ಬೆಲ್ಟು ಬಿಚ್ಚಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಮಾತ್ರ ಬೇಡ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಿ, ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಿ.

ಮನೆಗೆ ಬಂದ ಮೇಲೆ: ವೃತ್ತ ಚಿಕ್ಕದಿರಲಿ

ಬಂಧುಬಳಗಕ್ಕೆ ಸಿಟ್ಟು ಬರುವ ಭಾಗ ಇದು. ಮೊದಲ ಆರರಿಂದ ಎಂಟು ವಾರ ಸ್ವಾಗತ ಸಮಾರಂಭ, ಮನೆ ತುಂಬ ನೆಂಟರು, ಮಾಲು ತಿರುಗಾಟ ಯಾವುದೂ ಬೇಡ. ಈ ಅವಧಿಯಲ್ಲಿ, ಆಮೇಲೂ ಕೆಲವು ತಿಂಗಳು, ಉಣಿಸುವುದು, ಮಲಗಿಸುವುದು, ತೊಳೆಯುವುದು, ಬಿದ್ದಾಗ ಎತ್ತುವುದು ಪೋಷಕರು ಮಾತ್ರ. ಅಜ್ಜ ಅಜ್ಜಿ ಬರಬಹುದು. ಅಡುಗೆ, ಬಟ್ಟೆ, ಪಾತ್ರೆ, ಮಾರುಕಟ್ಟೆಯ ಕೆಲಸ ಅವರಿಗೆ ಕೊಡಿ, ಮಗು ನಿಮ್ಮ ಕಂಕುಳಲ್ಲಿರಲಿ. ಮಗುವಿಗೆ ಏನಾದರೂ ಕೊಡಬೇಕೆಂದರೆ ನಿಮ್ಮ ಕೈಗೆ ಕೊಡಲಿ, ನೀವು ಮಗುವಿಗೆ ಕೊಡಿ. ಮಗು ಅವರ ಕಡೆ ತೋಳು ಚಾಚಿದರೆ 'ಅಮ್ಮನ ಹತ್ತಿರ ಹೋಗು' ಅಂತ ನಗುತ್ತಲೇ ನಿಮ್ಮ ಕಡೆ ತಿರುಗಿಸಲಿ. ಇದನ್ನೆಲ್ಲ ಮಗು ಬರುವ ಮೊದಲೇ ಮನೆಮಂದಿಗೆ ಬಿಡಿಸಿ ಹೇಳಿ, ಎಷ್ಟು ಕಾಲ ಅನ್ನುವುದನ್ನೂ ಹೇಳಿ. ಕೊನೆಯ ಗಳಿಗೆಯಲ್ಲಿ ಹೇಳಿದರೆ ಮುನಿಸು ಖಂಡಿತ.

ಈ ಕಟ್ಟುನಿಟ್ಟಿಗೆ ಕಾರಣವಿದೆ. ಹಲವು ಕೈಗಳಲ್ಲಿ ಬೆಳೆದ ಮಗು ಯಾರು ಸಿಕ್ಕರೂ ನಗುತ್ತದೆ, ರಸ್ತೆಯಲ್ಲಿ ಹೋಗುವವರ ಕೈ ಹಿಡಿಯುತ್ತದೆ, ಅಂಗಡಿಯಲ್ಲಿ ಅಪರಿಚಿತರ ತೊಡೆ ಏರುತ್ತದೆ. ನೋಡಿದವರು 'ಎಷ್ಟು ಬೇಗ ಹೊಂದಿಕೊಂಡಿತು!' ಅನ್ನುತ್ತಾರೆ. ಅಸಲಿಗೆ ಮಗುವಿಗೆ ಪೋಷಕರೂ ಒಂದೇ, ದಾರಿಹೋಕರೂ ಒಂದೇ ಅನ್ನುವ ಸೂಚನೆ ಇದು, ಸುರಕ್ಷತೆಯ ಪ್ರಶ್ನೆಯೂ ಹೌದು. ಹೊಸ ಜಾಗದಲ್ಲಿ ಮಗು ತಿರುಗಿ ನೀವಿದ್ದೀರಾ ಅಂತ ನೋಡುವುದು, ಬಿದ್ದಾಗ ನಿಮ್ಮ ಕಡೆಗೇ ಓಡಿಬರುವುದು, ನೀವು ಕೋಣೆ ಬಿಟ್ಟರೆ ಅಳುವುದು, ಬೇರೆಯವರು ಎತ್ತಿಕೊಂಡರೆ ಮುಖ ಸಿಂಡರಿಸುವುದು ಇವು ಬೆಸುಗೆ ಹತ್ತುತ್ತಿರುವ ಲಕ್ಷಣಗಳು. ಬಚ್ಚಲ ಬಾಗಿಲಿಗೂ ಬೆನ್ನಟ್ಟಿ ಬರುವ ಕಾಲ ಬಂದರೆ ಬೇಸರಪಡುವ ಬದಲು ಸಂತೋಷಪಡಿ.

ದಿನಕ್ಕೆ ಮೂರ್ನಾಲ್ಕು ಸಲ ಹತ್ತು ಹತ್ತು ನಿಮಿಷ ಮುಖಾಮುಖಿ ಆಟ ಇಟ್ಟುಕೊಳ್ಳಿ: ಕೂಕಿ ಆಟ, ಚೆಂಡು ಉರುಳಿಸುವುದು, ಕನ್ನಡಿಯ ಮುಂದೆ ಮುಖ ಕಿವುಚುವುದು, ಕೈಕಾಲಿಗೆ ಎಣ್ಣೆಯನ್ನೋ ಲೋಷನ್ನನ್ನೋ ಹಚ್ಚುತ್ತಾ ಬೆರಳು ಎಣಿಸುವುದು, ಮೂಗಿಗೆ ಸ್ಟಿಕ್ಕರ್ ಅಂಟಿಸಿಕೊಂಡು ಕೀಳಲು ಹೇಳುವುದು. ಕೂಕಿ ಆಟ ಮರೆಯಾದವರು ಮತ್ತೆ ಬರುತ್ತಾರೆ ಅನ್ನುವ ಪಾಠ ಹೇಳುತ್ತದೆ, ಈ ಮಗುವಿಗೆ ಅದಕ್ಕಿಂತ ಬೇಕಾದ ಪಾಠ ಇನ್ನೊಂದಿಲ್ಲ. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಜೋಳಿಗೆಯಲ್ಲಿ ಮುಖ ನಿಮ್ಮ ಕಡೆಗಿರಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಗದ್ದ ಹಿಡಿದು ತಿರುಗಿಸಬೇಡಿ. ದೊಡ್ಡವರ ಕಣ್ಣನ್ನು ದಿಟ್ಟಿಸುವುದು ಅಗೌರವ ಅಂತ ಕಲಿಸುವ ಸಮಾಜಗಳೂ ಇವೆ. ಮೈ ಮುಟ್ಟಿದರೆ ಸೆಟೆದುಕೊಳ್ಳುವ ಮಗುವಿಗೆ ಮೊದಲು ಕಾಲ್ಬೆರಳು, ಅಂಗೈ, ಬೆನ್ನು, ಅಪ್ಪುಗೆ ಆಮೇಲೆ.

ಊಟ

ಊಟದಲ್ಲಿ ಗೆದ್ದರೆ ಅರ್ಧ ಗೆದ್ದಂತೆ. ಹಸಿವು ಕಂಡ ಮಗು ಎರಡು ಬಗೆಯಲ್ಲಿ ವರ್ತಿಸುತ್ತದೆ: ಹೊಟ್ಟೆ ಬಿರಿಯುವಷ್ಟು ತಿಂದು ವಾಂತಿ ಮಾಡಿಕೊಂಡು ಮತ್ತೆ ತಿನ್ನುತ್ತದೆ, ಇಲ್ಲವೇ ಬಾಯಿ ಬಿಗಿಹಿಡಿದು ಕೂರುತ್ತದೆ. ದಿಂಬಿನಡಿ ಬ್ರೆಡ್ಡಿನ ತುಂಡು, ಜೇಬಿನಲ್ಲಿ ಮೆತ್ತಗಾದ ಬಾಳೆಹಣ್ಣು, ಗಂಟೆಗಟ್ಟಲೆ ನುಂಗದೆ ಕೆನ್ನೆಯಲ್ಲಿಟ್ಟುಕೊಂಡ ತುತ್ತು ಸಿಕ್ಕೀತು. ಇದು ಕಳ್ಳತನ ಅಲ್ಲ, ಬೈಯಬಾರದು, ಕಸಿಯಬಾರದು. ಕಸಿದರೆ ಬಚ್ಚಿಡುವುದು ಹೆಚ್ಚುತ್ತದೆ. ಮಗುವಿನ ಕೈಗೆಟಕುವ ಜಾಗದಲ್ಲಿ ಮುಚ್ಚಳದ ಡಬ್ಬಿಯೊಂದರಲ್ಲಿ ಕೆಡದ ತಿಂಡಿ ಇಡಿ, ಖಾಲಿಯಾದಂತೆಲ್ಲ ಅದರ ಕಣ್ಣೆದುರೇ ತುಂಬಿಸಿ. ಮಲಗುವ ಮುಂಚೆ ಡಬ್ಬಿ ತೋರಿಸಿ. ವಾರಗಳು ಕಳೆದಂತೆ ಡಬ್ಬಿ ಮುಟ್ಟದೇ ಉಳಿಯತೊಡಗುತ್ತದೆ. ಚಿಕ್ಕವರಿಗೆ ಗಂಟಲಿಗೆ ಸಿಕ್ಕಿಕೊಳ್ಳುವ ಗಟ್ಟಿ ಕಾಳು, ಇಡೀ ದ್ರಾಕ್ಷಿ ಇಡಬೇಡಿ, ಕೆನ್ನೆಯಲ್ಲಿ ತುತ್ತಿಟ್ಟುಕೊಂಡು ಮಲಗಲು ಬಿಡಬೇಡಿ.

ಎರಡೂವರೆಯಿಂದ ಮೂರು ಗಂಟೆಗೊಮ್ಮೆ ಊಟವೋ ತಿಂಡಿಯೋ ಬರುತ್ತದೆ ಅನ್ನುವುದು ಖಚಿತವಾಗಿರಲಿ. ಏನು, ಯಾವಾಗ, ಎಲ್ಲಿ ಅನ್ನುವುದು ನಿಮ್ಮ ನಿರ್ಧಾರ. ಎಷ್ಟು ಅನ್ನುವುದು ಮಗುವಿನದು. ತಟ್ಟೆಯಲ್ಲಿ ಮೊದಲ ತಿಂಗಳು ಅದಕ್ಕೆ ಅಭ್ಯಾಸವಿರುವ ಒಂದಾದರೂ ಪದಾರ್ಥ ಇರಲಿ. ಎರಡು ವರ್ಷ ದಾಟಿದರೂ ನುಣ್ಣಗೆ ಅರೆದದ್ದನ್ನೇ ತಿಂದು ಬೆಳೆದ ಮಗುವಿಗೆ ಅಗಿಯಲು ಬರುವುದಿಲ್ಲ. ವಾರಕ್ಕೊಂದು ಹದ ಗಟ್ಟಿ ಮಾಡುತ್ತಾ ಹೋಗಿ, ಓಕರಿಸಿದರೆ ಒಂದು ಹೆಜ್ಜೆ ಹಿಂದೆ ಬನ್ನಿ. ನಾಲ್ಕು ವರ್ಷದ ಮಗು ಬಾಟಲಿ ಕೇಳಿದರೆ ತೊಡೆಯ ಮೇಲೆ ಮಲಗಿಸಿಕೊಂಡು ಕೊಡಿ. ತಪ್ಪಿಹೋದ ಕೂಸುತನವನ್ನು ಅದು ಕೇಳುತ್ತಿದೆ, ಅಭ್ಯಾಸ ಕೆಡುವುದಿಲ್ಲ. ಹಾಲು ಕುಡಿದ ಮೇಲೆ ಹಲ್ಲು ಮಾತ್ರ ಒರೆಸಿ.

ನಿದ್ದೆ, ರಂಪ, ಮೌನ

ಸಮಯ ವಲಯ ಬದಲಾದಾಗ ಮೈ ಹೊಂದಿಕೊಳ್ಳಲು ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಹಿಡಿಯುತ್ತದೆ. ಆಮೇಲೂ ರಾತ್ರಿ ಎಚ್ಚರವಾದರೆ ಅದು ಭಯ. ಹತ್ತಿಪ್ಪತ್ತು ಮಕ್ಕಳ ಉಸಿರು ಕೇಳುತ್ತಾ ಮಲಗಿದ ಮಗುವಿಗೆ ಒಂಟಿ ಕೋಣೆಯ ನಿಶ್ಶಬ್ದ ಹೆದರಿಸುತ್ತದೆ. ನಿಮ್ಮ ಕೋಣೆಯಲ್ಲೇ, ನಿಮ್ಮ ಮಂಚಕ್ಕೆ ತಾಗಿ ಅದರ ಹಾಸಿಗೆ ಹಾಕಿ, ಮಂದ ದೀಪ ಇಡಿ, ಕೈ ಚಾಚಿದರೆ ನೀವು ಸಿಗಬೇಕು. ವರ್ಷ ತುಂಬದ ಕೂಸಿಗೆ ಬೇರೆ ಗಟ್ಟಿ ಹಾಸಿಗೆ, ಬೆನ್ನ ಮೇಲೆ ಮಲಗಿಸುವುದು, ಹಾಸಿಗೆಯಲ್ಲಿ ದಿಂಬು ಹೊದಿಕೆ ಆಟಿಕೆ ಇಲ್ಲದಿರುವುದು ಸುರಕ್ಷಿತ. ವಾಸನೆಯ ಹೊದಿಕೆ ಎಚ್ಚರವಿದ್ದಾಗಿನ ಸಮಾಧಾನಕ್ಕಿರಲಿ. ಅತ್ತು ಅತ್ತು ತಾನೇ ಮಲಗಲಿ ಅನ್ನುವ ವಿಧಾನ ಬೇರೆ ಮಕ್ಕಳಿಗೆ ಏನೇ ಇರಲಿ, ಈ ಮಗುವಿಗೆ ಬೇಡ. ಯಾರೂ ಬರುವುದಿಲ್ಲ ಅನ್ನುವುದು ಅದು ಮರೆಯಬೇಕಾದ ಪಾಠ.

ಅಳದ ಮಗುವಿನ ಬಗ್ಗೆ ಹೆಚ್ಚು ಎಚ್ಚರವಿರಲಿ. ಎದ್ದು ಗಂಟೆಯಾದರೂ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುತ್ತದೆ, ಮೊಣಕಾಲು ಕೆತ್ತಿ ರಕ್ತ ಬಂದರೂ ಸದ್ದಿಲ್ಲ. ಅದು ಕರೆಯುವವರೆಗೆ ಕಾಯಬೇಡಿ. ಗಡಿಯಾರ ನೋಡಿ ಹೋಗಿ, ಎತ್ತಿಕೊಳ್ಳಿ, ಗಾಯಕ್ಕೆ ಸ್ವಲ್ಪ ಅತಿಯಾಗಿಯೇ ಉಪಚಾರ ಮಾಡಿ. ಮೈಯನ್ನು ಹಿಂದೆ ಮುಂದೆ ತೂಗುತ್ತಾ, ತಲೆ ಅಲ್ಲಾಡಿಸುತ್ತಾ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದರೆ ಗದರಿ ನಿಲ್ಲಿಸದೆ ನೀವೇ ಎತ್ತಿಕೊಂಡು ಅದೇ ಲಯದಲ್ಲಿ ತೂಗಿ.

ರಂಪ ಮಾಡಿದಾಗ ಕೋಣೆಗೆ ಅಟ್ಟುವುದು, ಮೂಲೆಯಲ್ಲಿ ನಿಲ್ಲಿಸುವುದು, ಮಾತು ಬಿಡುವುದು ಮೂರೂ ಬೇಡ. ಹತ್ತಿರ ಕೂರಿ, ಕಡಿಮೆ ಮಾತಾಡಿ, ಹೊಡೆಯಲು ಬಂದ ಕೈಯನ್ನು ಮೆಲ್ಲಗೆ ತಡೆಯಿರಿ, ತಣ್ಣಗಾದ ಮೇಲೆ ನೀರು ಕುಡಿಸಿ. ನಿಯಮ ಎರಡೋ ಮೂರೋ ಸಾಕು. 'ವಾಪಸ್ ಕಳಿಸಿಬಿಡ್ತೀನಿ' ಅನ್ನುವ ಮಾತು ತಮಾಷೆಗೂ, ಸಿಟ್ಟಿಗೂ, ಒಮ್ಮೆಯೂ ಬರಕೂಡದು.

ಇಬ್ಬರಲ್ಲಿ ಒಬ್ಬರನ್ನೇ ಹಚ್ಚಿಕೊಂಡು ಇನ್ನೊಬ್ಬರನ್ನು ಕಂಡರೆ ಚೀರುವುದು ತೀರಾ ಸಾಮಾನ್ಯ. ಒಪ್ಪಿಕೊಂಡವರು ಮೊದಲ ವಾರಗಳಲ್ಲಿ ಮುಖ್ಯ ಆರೈಕೆ ಮಾಡಲಿ, ಆದರೆ ಬಾಟಲಿ, ತಿಂಡಿಯ ಡಬ್ಬಿ, ಇಷ್ಟದ ಆಟ ಇಂಥ ಒಳ್ಳೆಯ ಕೆಲಸಗಳಲ್ಲಿ ಒಂದೆರಡು ಇನ್ನೊಬ್ಬರ ಪಾಲಿಗಿರಲಿ. ಮೂಗಿಗೆ ಹನಿ ಹಾಕುವುದು, ಉಗುರು ಕತ್ತರಿಸುವುದು ಮೊದಲನೆಯವರಿಗೆ. ದೂರ ತಳ್ಳಿಸಿಕೊಂಡವರು ಮುನಿಸಿಕೊಂಡು ಕಚೇರಿಗೆ ಬೇಗ ಮರಳಿದರೆ ಅಂತರ ಗಟ್ಟಿಯಾಗಿಬಿಡುತ್ತದೆ.

ವೈದ್ಯರಲ್ಲಿ

ಮನೆ ತಲುಪಿದ ಎರಡು ವಾರದೊಳಗೆ ಪೂರ್ತಿ ತಪಾಸಣೆ ಆಗಬೇಕು. ಜ್ವರ, ಭೇದಿ ಇದ್ದರೆ ಅದೇ ದಿನ. ರಕ್ತಕಣಗಳ ಎಣಿಕೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಕ್ಷಯ, ಥೈರಾಯ್ಡ್, ಸೀಸದ ಪ್ರಮಾಣ, ಬೇರೆಬೇರೆ ದಿನಗಳ ಮೂರು ಮಲದ ಮಾದರಿ, ಕಣ್ಣು, ಕಿವಿ, ಹಲ್ಲು. ಹೊರಡುವ ಮೊದಲೇ ಅಲ್ಲಿ ಪರೀಕ್ಷೆ ಆಗಿದ್ದರೂ ಮತ್ತೆ ಮಾಡಿಸಿ. ಸೋಂಕು ತಗುಲಿ ಸ್ವಲ್ಪ ದಿನವಷ್ಟೇ ಆಗಿದ್ದರೆ ಮೊದಲ ಪರೀಕ್ಷೆಯಲ್ಲಿ ಗೊತ್ತಾಗದೇ ಹೋಗಬಹುದು, ಅದಕ್ಕೇ ಕ್ಷಯವನ್ನು ಮೂರರಿಂದ ಆರು ತಿಂಗಳಲ್ಲಿ, ಎಚ್‌ಐವಿ ಮತ್ತು ಹೆಪಟೈಟಿಸನ್ನು ಆರು ತಿಂಗಳಲ್ಲಿ ಮತ್ತೊಮ್ಮೆ ನೋಡುತ್ತಾರೆ. ಲಸಿಕೆ ಚೀಟಿಯಲ್ಲಿ ದಿನಾಂಕ, ಅಂತರ ಸರಿಯಿಲ್ಲದಿದ್ದರೆ ರಕ್ತದಲ್ಲಿ ಪ್ರತಿಕಾಯ ನೋಡಬಹುದು ಅಥವಾ ಲಸಿಕೆ ಮತ್ತೆ ಹಾಕಬಹುದು.

ಶಿಶುಗೃಹದಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಸುಮಾರು ಒಂದು ತಿಂಗಳಷ್ಟು ಎತ್ತರದ ಬೆಳವಣಿಗೆ ಹಿಂದೆ ಬೀಳುತ್ತದೆ ಅನ್ನುವುದು ವೈದ್ಯರ ಸ್ಥೂಲ ಲೆಕ್ಕ. ಹೊಟ್ಟೆ ತುಂಬಿ, ಮನಸ್ಸು ನೆಲೆಯಾದ ಮೇಲೆ ಬಹುಪಾಲು ಮಕ್ಕಳು ಭರದಿಂದ ಬೆಳೆಯುತ್ತಾರೆ. ಹೆಣ್ಣುಮಕ್ಕಳಲ್ಲಿ ಹರೆಯ ಬೇಗ ಬರುವ ಸಾಧ್ಯತೆ ಇದೆ, ಅದರ ಮೇಲೊಂದು ಕಣ್ಣಿರಲಿ. ಸೂಜಿ ಚುಚ್ಚುವಾಗ ಮಗು ನಿಮ್ಮ ತೊಡೆಯ ಮೇಲಿರಬೇಕು. ಹಿಡಿದುಕೊಳ್ಳುವ ಕೆಲಸ ನರ್ಸಿಗೆ ಬಿಡಿ, ನಿಮ್ಮದು ಸಮಾಧಾನ ಮಾಡುವ ಕೆಲಸ.

ಹೆಸರು, ಭಾಷೆ, ಶಾಲೆ

ಹೆಸರು ಮಗು ತನ್ನ ಜೊತೆ ತಂದ ಒಂದೇ ಸ್ವತ್ತು. ಬದಲಿಸಲೇಬೇಕಿದ್ದರೆ ಹಳೆಯದನ್ನು ಮುಂದೆ ಅಥವಾ ಹಿಂದೆ ಉಳಿಸಿ, ಕೆಲವು ತಿಂಗಳು ಎರಡನ್ನೂ ಸೇರಿಸಿ ಕರೆಯಿರಿ. ನಾಲ್ಕು ವರ್ಷ ದಾಟಿದ ಮಗುವನ್ನು ಕೇಳದೆ ಬದಲಿಸಬೇಡಿ.

ಪುಟ್ಟ ಮಕ್ಕಳು ಹಳೆಯ ಭಾಷೆಯನ್ನು ಕೆಲವೇ ತಿಂಗಳಲ್ಲಿ ಮರೆತುಬಿಡುತ್ತಾರೆ. ಹೊಸದು ಇನ್ನೂ ಪೂರ್ತಿ ಬಂದಿರುವುದಿಲ್ಲ. ಎರಡರ ನಡುವಿನ ಆ ತಿಂಗಳುಗಳಲ್ಲಿ ಹೇಳಲು ಮಾತೇ ಇಲ್ಲದೆ ಕಚ್ಚುವುದು, ಎಸೆಯುವುದು ಜಾಸ್ತಿ. ನೀರು, ಊಟ, ಶೌಚ, ನೋವು, ಅಪ್ಪುಗೆ ಇವುಗಳ ಚಿತ್ರದ ಚೀಟಿ ಅಡುಗೆಮನೆಯ ಗೋಡೆಗೆ ಮಗುವಿನ ಎತ್ತರದಲ್ಲಿ ಅಂಟಿಸಿ. ಆಟದ ಮಾತು ಒಂದೆರಡು ವರ್ಷದಲ್ಲಿ ಸರಾಗವಾಗುತ್ತದೆ, ಪಾಠದ ಭಾಷೆಗೆ ಐದರಿಂದ ಏಳು ವರ್ಷವೂ ಹಿಡಿಯಬಹುದು. ಪಟಪಟ ಮಾತಾಡುವ ಮಗು ಗಣಿತದ ಪ್ರಶ್ನೆ ಅರ್ಥವಾಗದೆ ತಡವರಿಸಿದರೆ ದಡ್ಡತನ ಅಂತ ಶಿಕ್ಷಕರು ತೀರ್ಮಾನಿಸದಂತೆ ಮೊದಲೇ ಹೇಳಿಡಿ. ಶಾಲೆಯ ವಯಸ್ಸಾಗಿದ್ದರೂ, ಕಾನೂನು ಅವಕಾಶ ಕೊಟ್ಟರೆ, ಮೊದಲ ಕೆಲವು ತಿಂಗಳು ಕಳಿಸಬೇಡಿ. ಮತ್ತೊಂದು ಕಟ್ಟಡ, ಸಾಲು ಮಂಚದ ಬದಲು ಸಾಲು ಬೆಂಚು, ಅದಕ್ಕೆ ಎರಡರ ಅರ್ಥವೂ ಒಂದೇ ಆದೀತು.

ಅಂತರದೇಶೀಯ ದತ್ತಿಗೆ ಸಂಬಂಧಿಸಿದ 1993ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಮಗುವಿನ ಮೂಲದ ಮಾಹಿತಿಯನ್ನು ಕಾಪಾಡಿಡಬೇಕು. ಆದರೂ ನಿಮ್ಮ ಹತ್ತಿರದ ಪ್ರತಿ ಕಾಗದದ ಮೂಲ ಪ್ರತಿ ಮಗುವಿನದು ಅಂತ ತಿಳಿದು ಜೋಪಾನ ಮಾಡಿ. ಇದೇ ಕಾಗದ, ಚಿತ್ರಗಳಿಂದ ಒಂದು ಬದುಕಿನ ಪುಸ್ತಕ ಕಟ್ಟಿ, ಹುಟ್ಟಿದ ಊರಿನಿಂದ ಶುರುಮಾಡಿ. ಹೆತ್ತವರ ಬಗ್ಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ಚೆಂದದ ಕಥೆ ಕಟ್ಟಬೇಡಿ.

ನಿಮಗೇ ಪ್ರೀತಿ ಉಕ್ಕದಿದ್ದರೆ

ಬಹಳಷ್ಟು ಪೋಷಕರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಷ್ಟು ಕಾದು ತಂದ ಮಗುವಿನ ಮೇಲೆ ಏನೂ ಅನ್ನಿಸುತ್ತಿಲ್ಲ, ಯಾರದೋ ಮಗುವನ್ನು ನೋಡಿಕೊಂಡಂತಿದೆ, ನಿದ್ದೆ ಇಲ್ಲ, ಕಾರಣವಿಲ್ಲದೆ ಅಳು. ಹೆರಿಗೆಯ ನಂತರದಂತೆ ದತ್ತಿನ ನಂತರವೂ ಖಿನ್ನತೆ ಬರುತ್ತದೆ, ತಂದೆಗೂ ಬರುತ್ತದೆ. ಎರಡು ವಾರ ಮೀರಿದರೆ ವೈದ್ಯರನ್ನು ನೋಡಿ. ಅಷ್ಟರವರೆಗೆ ಪ್ರೀತಿ ಬರಲಿ ಅಂತ ಕಾಯದೆ ಕೆಲಸ ಮಾಡುತ್ತಿರಿ: ಉಣಿಸಿ, ತೂಗಿ, ಕಣ್ಣು ಕೂಡಿಸಿ ನಗಿ. ಅದೇ ಸುತ್ತು ಮಗುವಿನಲ್ಲಿ ಮಾಡುವ ಕೆಲಸವನ್ನು ನಿಮ್ಮಲ್ಲೂ ಮಾಡುತ್ತದೆ.

ಯಾವಾಗ ತಜ್ಞರು

ಆರು ತಿಂಗಳಾದರೂ ನೋವಾದಾಗ ನಿಮ್ಮ ಹತ್ತಿರ ಬರುವುದೇ ಇಲ್ಲ, ಸಿಕ್ಕವರ ಜೊತೆಯಲ್ಲಿ ಹೊರಟುಬಿಡುತ್ತದೆ, ತನ್ನನ್ನೋ ಪ್ರಾಣಿಗಳನ್ನೋ ಚಿಕ್ಕ ಮಕ್ಕಳನ್ನೋ ಗಾಯಗೊಳಿಸುತ್ತದೆ, ಕಲಿತದ್ದನ್ನು ಕಳೆದುಕೊಳ್ಳುತ್ತಿದೆ ಅಂದರೆ ತಡಮಾಡಬೇಡಿ. ಗಾಯಗೊಳಿಸುವುದು ಕಂಡರೆ ಆರು ತಿಂಗಳು ಕಾಯುವ ಮಾತೇ ಇಲ್ಲ. ಹೋಗುವ ಮೊದಲು ಎರಡು ವಾರದ ದಿನಚರಿ ಬರೆಯಿರಿ: ಎಷ್ಟು ಗಂಟೆಗೆ ಏನಾಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು, ಎಷ್ಟು ಹೊತ್ತು ಇತ್ತು, ಹೇಗೆ ನಿಂತಿತು. ದತ್ತು ಮಕ್ಕಳ ಜೊತೆ ಕೆಲಸ ಮಾಡಿದ ಅನುಭವ ಇದೆಯೇ ಅಂತ ನೇರವಾಗಿ ಕೇಳಿ. ಚಿಕ್ಕ ಮಗುವಿಗೆ ಚಿಕಿತ್ಸೆ ನಡೆಯುವಾಗ ನೀವೂ ಕೋಣೆಯಲ್ಲಿರಬೇಕು. ಪೋಷಕರನ್ನು ಹೊರಗೆ ಕೂರಿಸಿ ಮಗುವಿನ ನಂಟನ್ನು ಚಿಕಿತ್ಸಕರೇ ಗಳಿಸುವುದರಲ್ಲಿ ಅರ್ಥವಿಲ್ಲ. ನಂಟು ಬೆಸೆಯುತ್ತೇವೆ ಅಂತ ಮಗುವನ್ನು ಬಲವಂತವಾಗಿ ಅದುಮಿ ಹಿಡಿಯುವ, ಕಂಬಳಿಯಲ್ಲಿ ಸುತ್ತಿ, ಮತ್ತೆ ಹುಟ್ಟಿ ಬಂದಂತೆ ಅದರಿಂದ ಹೊರಬರಲು ಹೇಳುವ ವಿಧಾನಗಳೂ ಚಾಲ್ತಿಯಲ್ಲಿದ್ದವು. 2000ದಲ್ಲಿ ಅಮೆರಿಕದ ಕೊಲರಾಡೊದಲ್ಲಿ ಹತ್ತು ವರ್ಷದ ದತ್ತು ಮಗಳೊಬ್ಬಳು ಅಂಥ ಚಿಕಿತ್ಸೆಯಲ್ಲಿ ಉಸಿರುಗಟ್ಟಿ ಸತ್ತಳು. ಹಿಡಿದಿಡುವುದು, ಹಸಿವಿನಲ್ಲಿಡುವುದು, ಒಂಟಿಯಾಗಿ ಕೂಡಿಹಾಕುವುದು ಚಿಕಿತ್ಸೆಯ ಭಾಗ ಅಂತ ಯಾರೇ ಹೇಳಿದರೂ ಮಗುವನ್ನು ಎತ್ತಿಕೊಂಡು ಎದ್ದುಬನ್ನಿ.